ಒಂದು ಹಲಗೆಯಲ್ಲಿ ಬೆಂಗಳೂರಿನ ಆಕಾಶ: ಕಡಿಮೆ ಖರ್ಚಿನಲ್ಲಿ ಪುಟ್ಟ ಡೈಕಾಸ್ಟ್ ಯುದ್ಧವಿಮಾನಗಳ ಸಂಗ್ರಹ

ಮೊಬೈಲ್ ತೆಗೆದು ಆರ್ಡರ್ ಹಾಕುವ ಮೊದಲು ಒಂದು ಟೇಪ್ ತೆಗೆದುಕೊಂಡು ಮನೆಯ ಶೋಕೇಸ್ ಅಳೆಯಿರಿ. ಹಲಗೆಯ ಉದ್ದ ಎಷ್ಟು, ಒಳಗೆ ಆಳ ಎಷ್ಟು, ಮೇಲಿನ ಹಲಗೆಗೂ ಕೆಳಗಿನದಕ್ಕೂ ನಡುವೆ ಎಷ್ಟು ಎತ್ತರ ಸಿಗುತ್ತದೆ, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಯಾವ ವಿಮಾನ ಕೊಳ್ಳಬೇಕು ಎಂಬುದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಯಾವ ಅಳತೆಯ ವಿಮಾನ ಕೊಳ್ಳಬೇಕು ಎಂಬುದು. ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಟಿವಿ, ದೇವರ ಮನೆ, ಮಕ್ಕಳ ಪುಸ್ತಕಗಳ ನಡುವೆ ಡೈಕಾಸ್ಟ್, ಅಂದರೆ ಕರಗಿಸಿದ ಲೋಹವನ್ನು ಅಚ್ಚಿಗೆ ಒತ್ತಿ ಮಾಡಿದ ಪುಟ್ಟ ವಿಮಾನಗಳನ್ನು ಕೂಡಿಡುವ ಈ ಹವ್ಯಾಸಕ್ಕೆ ಸಿಗುವುದು ಹೆಚ್ಚೆಂದರೆ ಒಂದೆರಡು ಹಲಗೆ. ಅಷ್ಟು ಧಾರಾಳವಾಗಿ ಸಾಕು ಎಂಬುದನ್ನು ತೋರಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಸ್ಕೇಲ್ ಎಂದರೇನು, ಯಾವುದು ನಿಮಗೆ

1/72 ಎಂದರೆ ಅಸಲಿ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಭಾಗ. ಆರು ಅಡಿಗೆ ಒಂದು ಇಂಚು ಎಂಬ ಇಂಗ್ಲಿಷ್ ಲೆಕ್ಕದಿಂದ ಬಂದದ್ದು. 1930ರ ದಶಕದಿಂದಲೂ ವಿಮಾನ ಮಾದರಿಗಳಿಗೆ ಇದೇ ಮುಖ್ಯ ಅಳತೆ. ಅದರ ಸರಿಯಾಗಿ ಅರ್ಧ 1/144. ಇವೆರಡರ ನಡುವೆ 1/100 ಇದೆ. ನಮಗೆ ಇದರಷ್ಟು ಸುಲಭವಾದ ಲೆಕ್ಕ ಬೇರೆ ಇಲ್ಲ: ಅಸಲಿಯ ಒಂದು ಮೀಟರ್ ಮಾದರಿಯಲ್ಲಿ ಒಂದು ಸೆಂಟಿಮೀಟರ್. ದೊಡ್ಡ ಬಾಂಬರ್‌ಗಳಿಗೆ 1/200 ಕೂಡ ಬಳಕೆಯಲ್ಲಿದೆ.

ಈಗ ನಿಮ್ಮ ಹಲಗೆಗೆ ಬನ್ನಿ. ಸುಖೋಯ್-30 ಎಂಕೆಐ ಉದ್ದ ಸುಮಾರು 21.9 ಮೀಟರ್. 1/72ರಲ್ಲಿ ಅದು 30 ಸೆಂ.ಮೀ. ದಾಟುತ್ತದೆ. ಸಾಮಾನ್ಯ ಪುಸ್ತಕದ ಕಪಾಟಿನಲ್ಲಿ ಅಡ್ಡಲಾಗಿ ಇಡಬೇಕು, ಇಲ್ಲದಿದ್ದರೆ ಮೂಗು ಹೊರಗೆ ಚಾಚುತ್ತದೆ. ಅದೇ ವಿಮಾನ 1/100ರಲ್ಲಿ 22 ಸೆಂ.ಮೀ., 1/144ರಲ್ಲಿ 15 ಸೆಂ.ಮೀ. ತೇಜಸ್ 13.2 ಮೀಟರ್, ಮೂರು ಸ್ಕೇಲುಗಳಲ್ಲಿ ಕ್ರಮವಾಗಿ 18, 13, 9 ಸೆಂ.ಮೀ. ಎರಡನೇ ಮಹಾಯುದ್ಧದ ಲಿಬರೇಟರ್ ಬಾಂಬರ್ ರೆಕ್ಕೆಯ ತುದಿಯಿಂದ ತುದಿಗೆ 33.5 ಮೀಟರ್ ಇತ್ತು. 1/72ರ ಒಂದೇ ಒಂದು ಲಿಬರೇಟರ್ ತಂದರೆ 46 ಸೆಂ.ಮೀ. ಹಲಗೆ ಹೋಯಿತು. 1/144ರಲ್ಲಿ 23 ಸೆಂ.ಮೀ., 1/200ರಲ್ಲಿ 17.

ನನ್ನ ಅಭಿಪ್ರಾಯ ಖಚಿತವಾಗಿದೆ: ಫೈಟರ್ ವಿಮಾನಗಳೇ ಇಷ್ಟವಾದರೆ 1/100, ಬಾಂಬರ್ ಮತ್ತು ಸಾಗಣೆ ವಿಮಾನಗಳೂ ಬೇಕೆಂದರೆ 1/144. ಯಾವುದಾದರೂ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಸಂಗ್ರಹದ ನಿಜವಾದ ಸುಖ ಇರುವುದು ಹೋಲಿಸಿ ನೋಡುವುದರಲ್ಲಿ. ಒಂಬತ್ತು ಮೀಟರ್ ಉದ್ದದ ನ್ಯಾಟ್ ಫೈಟರ್ ಪಕ್ಕದಲ್ಲಿ ಸುಖೋಯ್ ನಿಲ್ಲಿಸಿದಾಗ, ಇಷ್ಟು ಪುಟ್ಟದರಲ್ಲಿ ಕೂತು ಯುದ್ಧ ಮಾಡಿದರೇ ಎಂದು ಬೆರಗಾಗುತ್ತದೆ. ಎರಡೂ ಒಂದೇ ಸ್ಕೇಲಿನಲ್ಲಿ ಇದ್ದರೆ ಮಾತ್ರ ಆ ಬೆರಗು.

ಇಲ್ಲಿಯೇ ಒಂದು ಎಚ್ಚರಿಕೆ. ಮ್ಯಾಚ್‌ಬಾಕ್ಸ್ ಸ್ಕೈಬಸ್ಟರ್ಸ್, ಮೈಸ್ಟೊ ಟೇಲ್‌ವಿಂಡ್ಸ್, ಕಾರ್ಗಿ ಶೋಕೇಸ್ ಇಂಥ ಅಗ್ಗದ ಸರಣಿಗಳಿಗೆ ನಿಗದಿತ ಸ್ಕೇಲ್ ಇಲ್ಲ. ಪೆಟ್ಟಿಗೆಯ ಗಾತ್ರಕ್ಕೆ ತಕ್ಕಂತೆ ವಿಮಾನವನ್ನು ಕುಗ್ಗಿಸಿರುತ್ತಾರೆ. ಸಂಗ್ರಾಹಕರು ಇದನ್ನು ಬಾಕ್ಸ್ ಸ್ಕೇಲ್ ಎನ್ನುತ್ತಾರೆ. ಕೆಲವು ನೂರು ರೂಪಾಯಿಗೆ ಕೈಗೆ ಸಿಗುವ ಈ ಪುಟಾಣಿಗಳು ಕೆಟ್ಟವೇನಲ್ಲ, ಕೆಲವು ಬಹಳ ಚೆಂದ ಇವೆ. ಆದರೆ ಅವುಗಳಲ್ಲಿ ಒಂಟಿ ಎಂಜಿನ್ನಿನ ಸ್ಪಿಟ್‌ಫೈರ್ ಮತ್ತು ಭಾರೀ ಬಾಂಬರ್ ಒಂದೇ ಅಂಗೈಯಗಲ ಇರುತ್ತವೆ. ಬೇಕಿದ್ದರೆ ಅವಕ್ಕೇ ಬೇರೆ ಹಲಗೆ ಕೊಡಿ.

ವಿಷಯ ಗೊತ್ತುಮಾಡಿ

ಕಂಡದ್ದನ್ನೆಲ್ಲ ಕೊಂಡರೆ ಆರು ತಿಂಗಳಲ್ಲಿ ಹಲಗೆ ತುಂಬುತ್ತದೆ, ಕಥೆ ಮಾತ್ರ ಹುಟ್ಟುವುದಿಲ್ಲ. ಒಂದು ವಿಷಯ ಹಿಡಿಯಿರಿ. ಒಂದೇ ವಿಮಾನವನ್ನು ಬೇರೆ ಬೇರೆ ದೇಶಗಳ ಬಣ್ಣದಲ್ಲಿ ಕೂಡಿಸಬಹುದು. 11,000ಕ್ಕೂ ಹೆಚ್ಚು ತಯಾರಾಗಿ, ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಹಾರಿದ ಮಿಗ್-21 ಇದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ವಾಯುಪಡೆ ಅದಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಿತು. ಅಥವಾ ಒಂದೇ ಯುದ್ಧವನ್ನು ಹಿಡಿಯಬಹುದು. 1971 ಎಂದುಕೊಳ್ಳಿ: ನಮ್ಮ ಕಡೆ ಹಂಟರ್, ನ್ಯಾಟ್, ಮಿಗ್-21, ಕ್ಯಾನ್‌ಬೆರಾ, ಮಾರುತ್, ಎದುರಿಗೆ ಸೇಬರ್, ಸ್ಟಾರ್‌ಫೈಟರ್, ಮಿರಾಜ್-3. ಇವುಗಳಲ್ಲಿ ಹೆಚ್ಚಿನವು ಹಲವು ದೇಶಗಳಲ್ಲಿ ಹಾರಿದಂಥವು, ಹಾಗಾಗಿ ಡೈಕಾಸ್ಟ್‌ನಲ್ಲೂ ಸಿಗುತ್ತವೆ. ಆ ವರ್ಷದ ಡಿಸೆಂಬರ್ 12ರಂದು ಕಚ್ ಕೊಲ್ಲಿಯ ಮೇಲೆ ನಮ್ಮ ಮಿಗ್-21 ಪಾಕಿಸ್ತಾನದ ಸ್ಟಾರ್‌ಫೈಟರನ್ನು ಹೊಡೆದುರುಳಿಸಿತು. 1/100ರಲ್ಲಿ ಆ ಎರಡನ್ನೂ ಅಕ್ಕಪಕ್ಕ ಇಡಲು ಒಂದು ಗೇಣು ಜಾಗ ಸಾಕು.

ಆದರೆ ಈ ಊರಿನವರಿಗೆ ನಾನು ಹೇಳುವ ವಿಷಯ ಬೇರೆಯೇ: ಬೆಂಗಳೂರಿನ ಆಕಾಶ. ಇಲ್ಲಿ ತಯಾರಾದ, ರಿಪೇರಿಯಾದ, ಹಾರಾಟ ತೋರಿಸಿದ ವಿಮಾನಗಳು ಮಾತ್ರ.

ಭಾರತದ ಬೇರಾವ ಊರಿಗೂ ಇಷ್ಟು ಸಮೃದ್ಧವಾದ ಪಟ್ಟಿ ಸಿಗಲಾರದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ (ಇಂದಿನ ಎಚ್‌ಎಎಲ್) ಶುರುಮಾಡಿದರು. ಮಹಾಯುದ್ಧ ಜೋರಾದಾಗ ಅದು ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ಲಿಬರೇಟರ್ ಬಾಂಬರ್‌ಗಳು, ಡಕೋಟಾ ಸಾಗಣೆ ವಿಮಾನಗಳು ಇಲ್ಲಿಗೆ ಬಂದವು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವು. ಇಂದು ಆ ಕೆರೆಯ ಪಕ್ಕದ ಟ್ರಾಫಿಕ್‌ನಲ್ಲಿ ನಿಂತವರಿಗೆ ಇದನ್ನು ನಂಬುವುದು ಕಷ್ಟ, ಆದರೆ 1/144ರ ಕ್ಯಾಟಲಿನಾ ನಿಮ್ಮ ಹಲಗೆಯ ಮೇಲೆ ನಿಂತರೆ ಮನೆಗೆ ಬಂದವರಿಗೆ ಹೇಳಲು ಎಂಥ ಕಥೆ! ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿಗೆ ಹಾರಿಸಿ ತಂದು, ಸರಿಮಾಡಿ, ನಮ್ಮ ವಾಯುಪಡೆಗೆ ಕೊಟ್ಟರು. ಆಮೇಲೆ ಪರವಾನಗಿ ಪಡೆದು ವ್ಯಾಂಪೈರ್, ನ್ಯಾಟ್ ಫೈಟರ್‌ಗಳನ್ನು ಇಲ್ಲೇ ಕಟ್ಟಿದರು. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಎಚ್‌ಎಫ್-24 ಮಾರುತ್ 1961ರ ಜೂನ್‌ನಲ್ಲಿ ಈ ಊರಿನ ಮೇಲೆಯೇ ಮೊದಲು ಹಾರಿತು. ಬಳಿಕ ಜಾಗ್ವಾರ್ ಬಂತು. 2001ರ ಜನವರಿ 4ರಂದು ತೇಜಸ್ ಮೇಲೇರಿತು, ಆಮೇಲೆ ತರಬೇತಿ ವಿಮಾನ ಹಾಕ್ ಬಂತು. ಯಲಹಂಕದ ಏರೋ ಇಂಡಿಯಾಕ್ಕೆ ಬಂದುಹೋದವನ್ನೂ ಸೇರಿಸಿಕೊಂಡರೆ 2021ರ ಅಮೆರಿಕದ ಬಿ-1ಬಿ ಬಾಂಬರ್, 2025ರಲ್ಲಿ ಒಂದೇ ಮೈದಾನದಲ್ಲಿ ಕಂಡ ಎಫ್-35 ಮತ್ತು ಸು-57 ಕೂಡ ನಿಮ್ಮ ಪಟ್ಟಿಗೆ ಬರುತ್ತವೆ.

ಈ ವಿಷಯಕ್ಕೆ ಇನ್ನೊಂದು ಅನುಕೂಲವಿದೆ. ದೊಡ್ಡ ಕಂಪನಿಗಳು ಮುಖ್ಯವಾಗಿ ಅಚ್ಚು ಹಾಕುವುದು ಬ್ರಿಟನ್, ಅಮೆರಿಕ, ಜರ್ಮನಿಯ ಕೊಳ್ಳುಗರಿಗಾಗಿ. ಅಲ್ಲಿ ಜನಪ್ರಿಯವಾದದ್ದು ಇಲ್ಲಿ ಅಗ್ಗವಾಗಿ ಸಿಗುತ್ತದೆ. ಬ್ರಿಟನ್ನಿನ ವೈಮಾನಿಕ ಕಸರತ್ತಿನ ರೆಡ್ ಆರೋಸ್ ತಂಡ 1965ರಿಂದ ನ್ಯಾಟ್ ಹಾರಿಸಿತು, ಆಮೇಲೆ ಹಾಕ್‌ಗೆ ಬದಲಾಯಿತು. ಈ ಎರಡೂ ಬಗೆಯ ವಿಮಾನಗಳನ್ನು ಬೆಂಗಳೂರಿನಲ್ಲೂ ಕಟ್ಟಿದ್ದಾರೆ! ಕೆಂಪು ಬಣ್ಣದ ಆ ಹಾಕ್‌ನ ಪುಟ್ಟ ಮಾದರಿಗಳು ಧಾರಾಳವಾಗಿವೆ. ಬೀದರ್‌ನಲ್ಲಿ ನೆಲೆ ಹೊಂದಿರುವ ನಮ್ಮ ಸೂರ್ಯಕಿರಣ ತಂಡ ಈಗ ಹಾರಿಸುವುದೂ ಹಾಕ್ ವಿಮಾನವನ್ನೇ. ನಮ್ಮ ವಾಯುಪಡೆಯ ಬಣ್ಣದ್ದೇ ಬೇಕು ಎಂದು ಹಟ ಹಿಡಿದರೆ 1/72ರ ದುಬಾರಿ ಪೀಸ್‌ಗಳಿಗೆ ಕೈ ಹಾಕಬೇಕಾಗುತ್ತದೆ. ಹಾಬಿ ಮಾಸ್ಟರ್ ಕಂಪನಿಯ ಮಟ್ಟದ ಒಂದು ಮಾದರಿ ಇಲ್ಲಿಗೆ ಬರುವಷ್ಟರಲ್ಲಿ ಹತ್ತು ಸಾವಿರ ರೂಪಾಯಿ ದಾಟುತ್ತದೆ. ವಿಮಾನದ ಮಾದರಿ ಸರಿ ಇದ್ದರೆ ಸಾಕು, ಬಣ್ಣ ಯಾವ ದೇಶದ್ದಾದರೂ ಆಗಲಿ ಎಂದುಕೊಂಡರೆ ಖರ್ಚು ಎಷ್ಟೋ ಇಳಿಯುತ್ತದೆ. ಮಾರುತ್, ತೇಜಸ್‌ಗಳಿಗೆ ಮಾತ್ರ ಡೈಕಾಸ್ಟ್ ಎಂಬ ನಿಯಮ ಸಡಿಲಿಸಿ, ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿಮಾಡಿದ ರಾಳ) ಅಥವಾ 3ಡಿ ಪ್ರಿಂಟ್ ಮಾದರಿಯನ್ನು ಮನಸಾರೆ ಒಳಗೆ ಬಿಟ್ಟುಕೊಳ್ಳಿ. ಅವೆರಡಿಲ್ಲದೆ ಬೆಂಗಳೂರಿನ ಹಲಗೆ ಪೂರ್ತಿಯಾಗುವುದಿಲ್ಲ.

ಕೊಳ್ಳುವ ಮೊದಲು ಅಸಲಿ ನೋಡಿ

ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬನ್ನಿ. ಮಾರುತ್, ಅಜೀತ್, ಕಿರಣ್, ಮಿಗ್-21 ಎಲ್ಲವನ್ನೂ ಹತ್ತಿರದಿಂದ ಸುತ್ತಿ ನೋಡಬಹುದು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲೂ ಒಂದು ಮಾರುತ್ ಇದೆ. ಮುಂಭಾಗದಿಂದ, ಪಕ್ಕದಿಂದ, ಹಿಂದಿನಿಂದ ಫೋಟೊ ತೆಗೆಯಿರಿ. ಮೂಗಿನ ಮೊನೆ ಹೇಗೆ ಬಾಗಿದೆ, ಚಕ್ರದ ಕಾಲುಗಳು ವಿಮಾನದ ಮೈಯನ್ನು ನೆಲದಿಂದ ಎಷ್ಟು ಎತ್ತರದಲ್ಲಿ ಹಿಡಿದಿವೆ, ಪೈಲಟ್ ಕೂರುವ ಗಾಜಿನ ಮುಚ್ಚಿಗೆ ಎಷ್ಟು ಚಿಕ್ಕದು, ಇವೆಲ್ಲ ಕಣ್ಣಿಗೆ ಒಮ್ಮೆ ಬಿದ್ದರೆ ಅಂಗಡಿಯಲ್ಲಿ ಕೆಟ್ಟ ಮಾದರಿಯನ್ನು ಕಂಡಕೂಡಲೇ ಗುರುತಿಸುತ್ತೀರಿ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ವಿಮಾನಗಳ ಸಚಿತ್ರ ಪುಸ್ತಕ ಸಿಕ್ಕರೆ ಬಿಡಬೇಡಿ. ಮೂರು ದಿಕ್ಕಿನ ರೇಖಾಚಿತ್ರ ಇರುವ ಪುಸ್ತಕವಾದರೆ ಇನ್ನೂ ಒಳ್ಳೆಯದು.

ಎಲ್ಲಿ ಕೊಳ್ಳಬೇಕು

ಹೊಸದಾಗಿ, ಮುಟ್ಟಿ ನೋಡಿ ಕೊಳ್ಳುವುದಾದರೆ ಆಟಿಕೆ ಅಂಗಡಿಗಳಲ್ಲಿ ಬಾಕ್ಸ್ ಸ್ಕೇಲಿನವು ಸಿಗುತ್ತವೆ. ನಿಖರ ಸ್ಕೇಲಿನವಕ್ಕೆ ಹವ್ಯಾಸದ ಅಂಗಡಿ ಅಥವಾ ಆನ್‌ಲೈನ್ ದಾರಿ. ಹಳೆಯದನ್ನು ಹುಡುಕುವವರು ಭಾನುವಾರ ಬೆಳಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೆ ಬಜಾರ್‌ಗೆ ಹೋಗಬಹುದು. ಬೇಗ ಹೋದಷ್ಟೂ ಒಳ್ಳೆಯದು. ಯುದ್ಧವಿಮಾನ ಪ್ರತಿ ಸಲ ಸಿಗುತ್ತದೆಂದಲ್ಲ. ಸಿಕ್ಕಾಗ ಮಾತ್ರ ಪೆಟ್ಟಿಗೆಯಿಲ್ಲದ ಲೂಸ್ ಪೀಸ್ ಆದ್ದರಿಂದ ಬೆಲೆ ಚೌಕಾಸಿಗೆ ಬಗ್ಗುತ್ತದೆ.

ನಮ್ಮಂಥ ಬಜೆಟ್‌ನವರಿಗೆ ನಿಜವಾದ ನಿಧಿ ಇರುವುದು ಯುರೋಪಿನ ಪತ್ರಿಕೆ ಸರಣಿಗಳಲ್ಲಿ. ಡೆಲ್ ಪ್ರಾಡೊ, ಡಿಅಗೊಸ್ಟಿನಿ, ಅಲ್ಟಾಯಾ, ಅಟ್ಲಾಸ್, ಅಮೆರ್‌ಕಾಮ್ ಹೆಸರುಗಳನ್ನು ನೆನಪಿಡಿ. ಕಂತಿನ ಮೇಲೆ ಬರುವ ಪತ್ರಿಕೆಯ ಜೊತೆ ಒಂದೊಂದು ವಿಮಾನ ಕೊಡುವ ಪದ್ಧತಿ ಇದು. ಅದೇ ಅಚ್ಚನ್ನು ಹಲವು ದೇಶಗಳಲ್ಲಿ ಬಳಸುವುದರಿಂದ ಬೆಲೆ ಕಡಿಮೆ. 1/100ರ ಫೈಟರ್‌ಗಳು, 1/144ರ ಬಾಂಬರ್‌ಗಳು ಇವುಗಳಲ್ಲಿ ಬೇಕಾದಷ್ಟಿವೆ. ಬಣ್ಣ ಸರಳ, ಸೂಕ್ಷ್ಮ ಬರಹ ಕಡಿಮೆ, ಆದರೆ ಆಕಾರ ಬಹುಪಾಲು ಚೆನ್ನಾಗಿರುತ್ತದೆ. ಆಕಾರ ಸರಿಯಿದ್ದು ಬಣ್ಣ ಸಾಧಾರಣವಾದ ಮಾದರಿಯನ್ನು ಕೊಳ್ಳಿ. ಬಣ್ಣ ಅದ್ಭುತವಾಗಿದ್ದು ಆಕಾರ ಸೊಟ್ಟಗಿರುವುದನ್ನು ಯಾರು ಪುಕ್ಕಟೆ ಕೊಟ್ಟರೂ ಹಲಗೆಗೆ ಏರಿಸಬೇಡಿ.

ಹೊರದೇಶದಿಂದ ತರಿಸುವವರು ಸುಂಕದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಸ್ಕೇಲ್ ಮಾಡೆಲ್‌ಗಳೂ ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಶೀರ್ಷಿಕೆಯಡಿಯೇ ಬರುತ್ತವೆ. ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ. ವ್ಯಕ್ತಿಯೊಬ್ಬರು ಸ್ವಂತಕ್ಕೆ ತರಿಸುವ ಪಾರ್ಸಲ್‌ಗಳಿಗೆ ಬೇರೆ ದರ ಹಾಕುವುದೂ ಉಂಟು, ಬಜೆಟ್‌ನಿಂದ ಬಜೆಟ್‌ಗೆ ದರ ಬದಲಾಗುವುದೂ ಉಂಟು. ಆರ್ಡರ್ ಮಾಡುವ ವಾರದಲ್ಲಿ ಚಾಲ್ತಿಯಲ್ಲಿರುವ ದರ ನೋಡಿ. ಮಾದರಿಯ ಬೆಲೆ, ಸಾಗಣೆ ಎರಡನ್ನೂ ಕೂಡಿಸಿ, ಆ ಮೊತ್ತ ಒಂದಕ್ಕೆರಡಾದರೂ ನಿಮಗೆ ಬೇಕೆನಿಸಿದರೆ ಮಾತ್ರ ತರಿಸಿ. ಪರಿಚಯದವರು ಯಾರಾದರೂ ಲಂಡನ್ನಿನಿಂದಲೋ ಸಿಂಗಾಪುರದಿಂದಲೋ ಊರಿಗೆ ಬರುವವರಿದ್ದರೆ 1/144ರ ಒಂದು ಫೈಟರ್ ಅವರ ಬ್ಯಾಗಿಗೆ ಭಾರವೇನಲ್ಲ. ಪುಟ್ಟ ಸ್ಕೇಲಿನ ಇನ್ನೊಂದು ಉಪಕಾರ ಇದು.

ಆನ್‌ಲೈನ್ ಜಾಹೀರಾತನ್ನು ಓದುವ ಬಗೆ

"ಡೈಕಾಸ್ಟ್ ಮೆಟಲ್ ಫೈಟರ್ ಜೆಟ್" ಎಂದು ದೊಡ್ಡದಾಗಿ ಬರೆದಿರುತ್ತದೆ, ಸ್ಕೇಲ್ ಎಲ್ಲೂ ಇರುವುದಿಲ್ಲ. ಆಗ ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಮೂಗಿನಿಂದ ಬಾಲದವರೆಗೆ ಎಷ್ಟು ಸೆಂಟಿಮೀಟರ್? ಅಸಲಿ ಉದ್ದವನ್ನು ಸೆಂಟಿಮೀಟರಿಗೆ ತಂದು ಇದರಿಂದ ಭಾಗಿಸಿ. ಸುಖೋಯ್ 2190 ಸೆಂ.ಮೀ.; ಮಾದರಿ 20 ಸೆಂ.ಮೀ. ಎಂದರೆ ಹೆಚ್ಚುಕಡಿಮೆ 1/110. ನಿಮ್ಮ 1/100ರ ಸಾಲಿನಲ್ಲಿ ಇದು ಸ್ವಲ್ಪ ಚಿಕ್ಕದಾಗಿ ಕಂಡರೂ ಸಹಿಸಬಹುದು. ಮಾದರಿ 12 ಸೆಂ.ಮೀ. ಎಂದರೆ ಬಿಟ್ಟುಬಿಡಿ. ಹಿಂದಕ್ಕೆ ಎಳೆದು ಬಿಟ್ಟರೆ ಓಡುತ್ತದೆ, ಲೈಟು ಹತ್ತುತ್ತದೆ, ಸದ್ದು ಮಾಡುತ್ತದೆ ಎಂದಿದ್ದರೆ ಅದು ಮಕ್ಕಳ ಆಟಿಕೆ. ಅದರ ಹೊಟ್ಟೆಯಲ್ಲಿ ಸ್ಪ್ರಿಂಗ್, ಬ್ಯಾಟರಿ ಕೂರಿಸಲು ಆಕಾರವನ್ನು ಉಬ್ಬಿಸಿರುತ್ತಾರೆ.

ಪ್ಲಾಸ್ಟಿಕ್ ಭಾಗ ಇದೆ ಎಂದು ಮೂಗು ಮುರಿಯಬೇಡಿ. ಒಳ್ಳೆಯ ಮಾದರಿಗಳಲ್ಲೂ ಮೈ ಲೋಹದ್ದು, ಚಕ್ರ, ಪ್ರೊಪೆಲರ್, ಕ್ಷಿಪಣಿ ಪ್ಲಾಸ್ಟಿಕ್‌ನವು. ರೆಕ್ಕೆಯ ಹಿಂಬದಿ ಅಂಚು ತೆಳ್ಳಗೆ ಬರಬೇಕಾದರೆ ಲೋಹಕ್ಕಿಂತ ಪ್ಲಾಸ್ಟಿಕ್ಕೇ ವಾಸಿ.

ಕೈಗೆ ಬಂದ ಮೇಲೆ ಏನೇನು ನೋಡಬೇಕು

ಮೊದಲು ಮೈಮೇಲಿನ ಗೆರೆಗಳು. ಅಸಲಿ ವಿಮಾನದಲ್ಲಿ ಲೋಹದ ತಗಡುಗಳು ಸೇರುವ ಸಂದು ಕೂದಲೆಳೆಯಷ್ಟು. ಮಾದರಿಯಲ್ಲಿ ಅದನ್ನು 0.3 ಮಿ.ಮೀ. ಗೀರು ಹಾಕಿ ತೋರಿಸಿದರೆ 1/144ರ ಲೆಕ್ಕದಲ್ಲಿ ಅದು 43 ಮಿ.ಮೀ. ಅಗಲದ ಚರಂಡಿ! ಪುಟ್ಟ ಸ್ಕೇಲಿನಲ್ಲಿ ಗೆರೆ ಕಡಿಮೆಯಿದ್ದಷ್ಟೂ ವಿಮಾನ ಅಸಲಿಯಾಗಿ ಕಾಣುತ್ತದೆ. ಆಮೇಲೆ ವಾಯುಪಡೆಯ ವೃತ್ತ ಚಿಹ್ನೆಗಳನ್ನು ನೋಡಿ. ಇವನ್ನು ಸಿಲಿಕೋನ್ ಮೆತ್ತೆಯಿಂದ ಒತ್ತಿ ಮುದ್ರಿಸುತ್ತಾರೆ, ಟ್ಯಾಂಪೊ ಎನ್ನುತ್ತಾರೆ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿರಬೇಕು, ವೃತ್ತದ ಒಂದು ಬದಿ ಬಿಳಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಎಂದಾಗಬಾರದು. ಎರಡೂ ರೆಕ್ಕೆ ಒಂದೇ ಮಟ್ಟದಲ್ಲಿವೆಯೇ ಎಂದು ಮುಂದಿನಿಂದ ಕಣ್ಣಳತೆಯಲ್ಲಿ ನೋಡಿ. ಗಾಜಿನ ಮುಚ್ಚಿಗೆಯ ಮೇಲೆ ಅಂಟಿನ ಮಂಜು ಇದ್ದರೆ ಅದು ಹೋಗುವುದಿಲ್ಲ, ಬೇರೆ ಪೀಸ್ ಕೇಳಿ.

ಹಳೆಯ ಪೀಸ್ ಆದರೆ ಲೋಹದ ರೋಗವನ್ನೂ ಹುಡುಕಬೇಕು. ಡೈಕಾಸ್ಟ್‌ಗೆ ಬಳಸುವುದು ಜಮಾಕ್ ಎಂಬ ಮಿಶ್ರಲೋಹ: ಹೆಚ್ಚಿನ ಪಾಲು ಸತು, ಜೊತೆಗೆ ಸುಮಾರು ಶೇ. 4 ಅಲ್ಯೂಮಿನಿಯಂ, ಸ್ವಲ್ಪ ಮೆಗ್ನೀಸಿಯಂ ಮತ್ತು ತಾಮ್ರ. ಇದರಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಸವೆದು, ಉಬ್ಬಿ, ಬಲೆಯಂಥ ಬಿರುಕು ಬಿಡುತ್ತದೆ. ತೇವ, ಸೆಕೆ ಇದ್ದರೆ ಇನ್ನೂ ಬೇಗ. ಎರಡನೇ ಮಹಾಯುದ್ಧಕ್ಕೂ ಹಿಂದಿನ ಆಟಿಕೆಗಳಲ್ಲಿ ಇದು ಹೆಚ್ಚು, ಆದರೆ ಶುದ್ಧ ಸತು ಬಳಸದ ಹೊಸ ಅಗ್ಗದ ಮಾದರಿಗಳೂ ಇದಕ್ಕೆ ಹೊರತಲ್ಲ. ಇದಕ್ಕೆ ಔಷಧವಿಲ್ಲ. ಪಕ್ಕದ ಮಾದರಿಗೆ ಅಂಟುತ್ತದೆ ಎಂಬ ಭಯ ಮಾತ್ರ ಬೇಡ. ಅದು ಆ ಲೋಹದ ಹುಟ್ಟಿನ ದೋಷ.

ಚಿಕ್ಕಪುಟ್ಟ ರಿಪೇರಿ ಮನೆಯಲ್ಲೇ ಆಗುತ್ತದೆ. ಪೆಟ್ಟಿಗೆಯಲ್ಲಿ ಬಾಗಿಹೋದ ಪ್ಲಾಸ್ಟಿಕ್ ಪಿಟೊ ಕೊಳವೆ (ವೇಗ ಅಳೆಯಲು ಮುಂದೆ ಚಾಚಿರುವ ಕಡ್ಡಿ), ಕ್ಷಿಪಣಿ, ಚಕ್ರದ ಕಾಲುಗಳನ್ನು ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ, ಬೆರಳಿನಿಂದ ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿ. ನೀರು ಕುದಿಯುತ್ತಿರಬಾರದು. ಕಳಚಿದ ಗಾಜಿನ ಮುಚ್ಚಿಗೆಯನ್ನು ಫೆವಿಕ್ವಿಕ್‌ನಿಂದ ಅಂಟಿಸಲೇಬೇಡಿ. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಬಿಳಿ ಫೆವಿಕಾಲ್ ಅನ್ನು ಕಡ್ಡಿಯ ತುದಿಯಲ್ಲಿ ಹಚ್ಚಿ, ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ಗುರುತೂ ಕಾಣುವುದಿಲ್ಲ. ಕಿತ್ತ ಬಣ್ಣಕ್ಕೆ ಅಕ್ರಿಲಿಕ್ ಬಣ್ಣ, ಹಲ್ಲುಕಡ್ಡಿ ಸಾಕು.

ಇಡುವುದು, ಒರೆಸುವುದು

ಕರಾವಳಿಯ ಸಂಗ್ರಾಹಕರ ಉಪ್ಪುಗಾಳಿಯ ಕಷ್ಟ ನಮಗಿಲ್ಲ. ನಮ್ಮ ಶತ್ರು ಧೂಳು. ಮೆಟ್ರೊ, ಮೇಲ್ಸೇತುವೆ, ಪಕ್ಕದ ಸೈಟಿನ ಕಟ್ಟಡ, ಒಂದಲ್ಲ ಒಂದು ಕಡೆಯಿಂದ ಬರುತ್ತಲೇ ಇರುತ್ತದೆ. ತೆರೆದ ಹಲಗೆ ಬೇಡ, ಗಾಜಿನ ಬಾಗಿಲು ಇರಲಿ. ಬಾಗಿಲಿನ ಸಂದಿಗೆ ಕಿಟಕಿಗೆ ಹಚ್ಚುವ ಫೋಮ್ ಪಟ್ಟಿ ಅಂಟಿಸಿದರೆ ಧೂಳು ಅರ್ಧಕ್ಕರ್ಧ ಕಡಿಮೆ. ಶೋಕೇಸ್ ಇಲ್ಲದವರು ನೇಮ್ ಬೋರ್ಡ್ ಮಾಡುವ ಅಂಗಡಿಯಲ್ಲಿ ಅಳತೆ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆ ಮಾಡಿಸಬಹುದು. ಬೆಳಕಿಗೆ ಎಸ್‌ಪಿ ರಸ್ತೆಯ ಎಲ್‌ಇಡಿ ಪಟ್ಟಿ ಸಾಕು. ಬಿಸಿಲು ನೇರವಾಗಿ ಬೀಳುವ ಗೋಡೆ ಮಾತ್ರ ಬೇಡವೇ ಬೇಡ, ಬಿಳಿ ಬಣ್ಣ ಹಳದಿಯಾಗುತ್ತದೆ. ಮಳೆಗಾಲದಲ್ಲಿ ಮೂಲೆಗೊಂದು ಸಿಲಿಕಾ ಜೆಲ್ ಚೀಲ ಇಡಿ.

ಒರೆಸಲು ಬಟ್ಟೆ ಬಳಸಬೇಡಿ. ಆಂಟೆನಾ ಬಟ್ಟೆಯ ಎಳೆಗೆ ಸಿಕ್ಕಿ ಮುರಿಯುತ್ತದೆ. ಕ್ಯಾಮೆರಾ ಲೆನ್ಸ್‌ಗೆ ಗಾಳಿ ಊದುವ ರಬ್ಬರ್ ಬ್ಲೋವರ್, ಮೆತ್ತನೆಯ ಮೇಕಪ್ ಬ್ರಷ್ ಇವೆರಡೇ ಸಾಕು. ಮುಟ್ಟುವಾಗ ರೆಕ್ಕೆಯ ಬುಡದಲ್ಲಿ, ಲೋಹದ ಮೈ ಹಿಡಿದು ಎತ್ತಿ.

ಸಾಧ್ಯವಾದಲ್ಲೆಲ್ಲ ಸ್ಟ್ಯಾಂಡ್ ಮೇಲೆ, ಚಕ್ರ ಮಡಚಿ, ಹಾರುವ ಭಂಗಿಯಲ್ಲಿ ಇಡಿ ಎನ್ನುತ್ತೇನೆ. ಸ್ಟ್ಯಾಂಡ್‌ಗಳ ಎತ್ತರ ಬೇರೆಬೇರೆ ಮಾಡಿಕೊಂಡರೆ ಒಂದರ ರೆಕ್ಕೆಯ ಕೆಳಗೆ ಇನ್ನೊಂದು ಬಂದು, ಅದೇ ಹಲಗೆಯಲ್ಲಿ ಇನ್ನಷ್ಟು ವಿಮಾನ ಹಿಡಿಯುತ್ತವೆ. ಬೆಂಗಳೂರಿಗೆ ಮೊದಲು ಬಂದದ್ದರಿಂದ ಆಮೇಲೆ ಬಂದದ್ದಕ್ಕೆ ಎಡದಿಂದ ಬಲಕ್ಕೆ ಜೋಡಿಸಿ: ಕ್ಯಾಟಲಿನಾ, ಲಿಬರೇಟರ್, ವ್ಯಾಂಪೈರ್, ನ್ಯಾಟ್, ಮಾರುತ್, ಜಾಗ್ವಾರ್, ತೇಜಸ್, ಹಾಕ್. ಎಂಟು ವಿಮಾನಗಳು, 1/144ರಲ್ಲಿ ಒಂದು ಮೀಟರ್ ಉದ್ದದ ಹಲಗೆಯಲ್ಲಿ ಆರಾಮವಾಗಿ ಕೂರುತ್ತವೆ. ಪ್ರತಿಯೊಂದರ ಮುಂದೆ ಕನ್ನಡದಲ್ಲಿ ಒಂದು ಪುಟ್ಟ ಚೀಟಿ ಇಡಿ: ಹೆಸರು, ವರ್ಷ, ಬೆಂಗಳೂರಿಗೂ ಅದಕ್ಕೂ ಇರುವ ನಂಟು.

ಪೆಟ್ಟಿಗೆಗಳನ್ನು, ಒಳಗಿನ ಪ್ಲಾಸ್ಟಿಕ್ ತಟ್ಟೆಗಳ ಸಮೇತ, ಎಸೆಯದೆ ಅಟ್ಟದ ಮೇಲಿಡಿ. ಮಾರುವಾಗ ಬೆಲೆ ಸಿಗುವುದು ಪೆಟ್ಟಿಗೆ ಇದ್ದರೆ. ಅದಕ್ಕಿಂತ ಹೆಚ್ಚಾಗಿ, ಬಾಡಿಗೆ ಮನೆಯವರು ಆಗಾಗ ಮನೆ ಬದಲಿಸಬೇಕಲ್ಲ. ಆ ತಟ್ಟೆಯಷ್ಟು ಭದ್ರವಾಗಿ ಇನ್ನಾವುದೂ ವಿಮಾನವನ್ನು ಹಿಡಿಯುವುದಿಲ್ಲ. ಪೆಟ್ಟಿಗೆ ಇಲ್ಲದ ಲೂಸ್ ಪೀಸ್‌ಗಳಿಗೆ ಚಕ್ರ, ಕ್ಷಿಪಣಿ ಕಳಚಿ ಬೇರೆ ಜಿಪ್ ಚೀಲದಲ್ಲಿ ಹಾಕಿ, ಮೇಲೆ ಹೆಸರು ಬರೆದು, ಮೈಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಬಿಸ್ಕತ್ ಡಬ್ಬದಲ್ಲಿ ಇಡಿ. ಬಬಲ್ ಪ್ಲಾಸ್ಟಿಕ್ ನೇರವಾಗಿ ಮೈಗೆ ತಾಗಿದರೆ ಗುಳ್ಳೆಯ ಗುರುತು ಬಣ್ಣದ ಮೇಲೆ ಉಳಿಯಬಹುದು, ನಡುವೆ ಕಾಗದ ಇರಲಿ. ಆ ಡಬ್ಬವನ್ನು ಪ್ಯಾಕರ್ಸ್‌ನವರ ಲಾರಿಗೆ ಹಾಕದೆ ನಿಮ್ಮ ಜೊತೆಯೇ ಒಯ್ಯಿರಿ.